ಮಗ್ರಿಬ್ ಬಾಂಗಿನ ತನಕ

ಆಗಸ್ಟ್ ೨೦, ಮಂಗಳವಾರ

ಇದು ದಿನಚರಿಯಲ್ಲ. ದಿನಚರಿ ಬರೆಯುವಷ್ಟು ಪುರಸೊತ್ತು ನನಗೆ ಯಾವತ್ತೂ ಇರಲಿಲ್ಲ. ಕಂಪ್ಯೂಟರ್ ರಿಪೇರಿಯ ಮಾಸ್ ಬಗ್ಯೊ, ಅಂದರೆ ಬಗ್ಯೊ ಅಣ್ಣ, ಹೇಳಿದನೆಂದು ಬರೆಯುತ್ತಿದ್ದೇನೆ. "ಬು ತಾರಿ, ಸುಮ್ನೆ ಆಫ್ ಆಗುತ್ತೆ, ಆಫ್ ಆಗುತ್ತೆ ಅಂದ್ರೆ ನಂಗೇನು ಕನಸು ಬೀಳುತ್ತಾ? ಎಷ್ಟೊತ್ತಿಗೆ ಆಫ್ ಆಯ್ತು, ಆಗ ಏನು ಮಾಡ್ತಿದ್ರಿ, ಎಷ್ಟು ನಿಮಿಷ ಓಡಿತ್ತು, ಎಲ್ಲಾ ಒಂದು ಪುಸ್ತಕದಲ್ಲಿ ಬರೆದಿಡಿ. ಆಮೇಲೆ ತನ್ನಿ." ಊರಿಗೆಲ್ಲ ಬು, ಅಂದರೆ ಅಮ್ಮ ಅನ್ನಿಸಿಕೊಂಡ ನಾಲ್ಕನೇ ತರಗತಿಯ ಟೀಚರಿಗೇ ಹೋಂವರ್ಕ್. ಅವನ ಮಗ ನನ್ನ ಕ್ಲಾಸಿನಲ್ಲಿದ್ದಾನೆ, ಸೇಡು ತೀರಿಸಿಕೊಂಡ ಅಂತ ಕಾಣುತ್ತದೆ.

ಸರಿ, ಬರೆಯುತ್ತೇನೆ. ಮೂರೂ ಹತ್ತಕ್ಕೆ ಲ್ಯಾಪ್‌ಟಾಪ್ ಆನ್ ಮಾಡಿದೆ. ಮಕ್ಕಳ ಹಾಜರಿ ಟೈಪ್ ಮಾಡಿದೆ, ಇಪ್ಪತ್ತು ನಿಮಿಷ, ಏನೂ ಆಗಲಿಲ್ಲ, ಬಂಗಾರದಂತೆ ಓಡಿತು. ಮೂರೂವರೆಗೆ ಇಂಟರ್ನೆಟ್ ಹಾಕಿ ನೇಮಕಾತಿಯ ಸೈಟ್ ತೆರೆದೆ. ಒಂಬತ್ತು ನಿಮಿಷಕ್ಕೆ ಸತ್ತಿತು. ಮತ್ತೆ ಆನ್ ಮಾಡಿದೆ. ಏಳು ನಿಮಿಷ. ಮತ್ತೆ. ಆರು. ಟೈಪ್ ಮಾಡುವಾಗ ಬದುಕಿರುತ್ತದೆ, ಹೊರಗಿನ ಲೋಕ ನೋಡಿದ ಕೂಡಲೇ ಸಾಯುತ್ತದೆ. ಇದಕ್ಕೂ ನನ್ನ ಹಾಗೇ ಆಗಿದೆ.

ಸರ್ಕಾರಿ ಶಿಕ್ಷಕರ ಹುದ್ದೆಗೆ ಅರ್ಜಿ ಇವತ್ತು ಶುರುವಾಯಿತು. ಕೊನೆಯ ದಿನ ಸೆಪ್ಟೆಂಬರ್ ಹತ್ತು. ಊರಿಗೆಲ್ಲ ಹತ್ತು, ನನಗೆ ಮಾತ್ರ ನಾಲ್ಕು. ಐದನೇ ತಾರೀಕು ನನಗೆ ಮೂವತ್ತೈದು ತುಂಬುತ್ತದೆ. ತುಂಬಿದವರನ್ನು ಸೈಟೇ ಆಚೆ ದೂಡುತ್ತದೆ, ಯಾರನ್ನೂ ಕೇಳುವಂತಿಲ್ಲ, ಯಾರ ಕಾಲೂ ಹಿಡಿಯುವಂತಿಲ್ಲ. ಹನ್ನೊಂದು ವರ್ಷದಿಂದ ನಾನು ಇದೇ ಶಾಲೆಯಲ್ಲಿ ಕಾಯಂ ಆಗದ ಗೌರವ ಶಿಕ್ಷಕಿ. ಗೌರವ ಹೆಸರಿನಲ್ಲಿದೆ, ಬೇರೆಲ್ಲೂ ಇಲ್ಲ. ಕಳೆದ ನಾಲ್ಕು ವರ್ಷ ನಮ್ಮ ಜಿಲ್ಲೆಗೆ ಹುದ್ದೆಯೇ ಬಂದಿರಲಿಲ್ಲ. ಈ ಸಲ ಬಂದಿದೆ. ಇದು ತಪ್ಪಿದರೆ ಮುಂದೆ ಇಲ್ಲ.

ಆಗಸ್ಟ್ ೨೨, ಗುರುವಾರ

ಎಂಟು ನಿಮಿಷ, ಎಂಟು ನಿಮಿಷ, ಐದು ನಿಮಿಷ.

ವೆನಿಂಗ್ ಒಂದನೇ ತರಗತಿಗೆ ಪಾಠ ಮಾಡುವ ಹುಡುಗಿ, ಇಪ್ಪತ್ತಾರು ವರ್ಷ, ಅವಳೂ ಗೌರವ ಶಿಕ್ಷಕಿಯೇ. ಮಾಗೆಲಾಂಗ್ ಪಟ್ಟಣದ ಅಣ್ಣನ ಮನೆಯಲ್ಲಿ ಕೂತು ನಿನ್ನೆಯೇ ಅರ್ಜಿ ಹಾಕಿ ಮುಗಿಸಿದ್ದಾಳೆ. "ಬ್ರೌಸರ್ ಬದಲಾಯಿಸಿ ನೋಡಿ, ಬು" ಅಂದಳು. ಬದಲಾಯಿಸಿದೆ, ಎಂಟು ನಿಮಿಷ. "ಹಳೇದೆಲ್ಲ ಅಳಿಸಿಬಿಡಿ." ಅಳಿಸಿದೆ. ಎಂಟು ನಿಮಿಷ. "ವೈರಸ್ ಇರ್ಬಹುದು." ವೈರಸ್ ಹುಡುಕಲು ಹಚ್ಚಿದೆ, ಹುಡುಕುತ್ತಾ ಹುಡುಕುತ್ತಾ ಅದೇ ಸತ್ತುಹೋಯಿತು.

ಫೋನಿನಲ್ಲಿ ಆಗುವುದಿಲ್ಲ. ಕೊನೆಯ ಪುಟದಲ್ಲಿ ಕಂಪ್ಯೂಟರಿನ ಕ್ಯಾಮೆರಾಗೆ ಮುಖ ತೋರಿಸಬೇಕು, ಆಮೇಲೇ ಗುಂಡಿ. ಶಾಲೆಯ ಕಂಪ್ಯೂಟರ್ ರಂಜಾನ್ ಉಪವಾಸದ ರಜೆಯಲ್ಲಿ ಕಳ್ಳತನವಾಯಿತು. ಆಮೇಲಿಂದ ಇಡೀ ಶಾಲೆಯ ಮಕ್ಕಳ ಹೆಸರು, ಹುಟ್ಟಿದ ದಿನ, ಅಪ್ಪ ಅಮ್ಮ, ಎಲ್ಲ ನನ್ನ ಈ ಎಂಟು ವರ್ಷದ ಲ್ಯಾಪ್‌ಟಾಪಿನ ಹೊಟ್ಟೆಯಲ್ಲೇ ಇದೆ. ಅದಕ್ಕೂ ಪಾಪ ವಯಸ್ಸಾಯಿತು.

ಒಂದು ಒಳ್ಳೆಯ ಸಂಗತಿ: ಸೈಟಿನಲ್ಲಿ ನನ್ನ ಖಾತೆಯಾಯಿತು. ಮೂರು ಸಲ ಅರ್ಧಕ್ಕೇ ಸತ್ತು, ಮೂರು ಸಲವೂ ಬೇರೆ ಬೇರೆ ಪಾಸ್‌ವರ್ಡ್ ಕೊಟ್ಟು, ನಾಲ್ಕನೇ ಸಲ ಹಿಡಿಯಿತು. "ಪಾಸ್‌ವರ್ಡ್ ನಾನೇ ನೆನಪಿಟ್ಟುಕೊಳ್ಳಲೇ?" ಅಂತ ಲ್ಯಾಪ್‌ಟಾಪ್ ಕೇಳಿತು. ಇಟ್ಟುಕೋ ಮಾರಾಯ, ನಿನ್ನಿಂದ ಅದೊಂದಾದರೂ ಆಗಲಿ ಅಂದೆ. ಒಟ್ಟು ಏಳು ಪುಟ. ಮುಗಿದ ಪುಟವನ್ನು ಸೈಟು ಉಳಿಸಿಕೊಳ್ಳುತ್ತದೆ. ಪುಟದ ಮಧ್ಯೆ ಸತ್ತರೆ ಆ ಪುಟ ಹೋದಂತೆ.

ಅಮ್ಮ ಮಾತ್ರ ತನ್ನದೇ ರಿಪೇರಿಯಲ್ಲಿದ್ದಾಳೆ. ಏಳು ದಿನದ ವಾರ ಸಾಲದೆಂದು ನಮ್ಮ ಹಿರಿಯರು ಐದು ದಿನದ ಇನ್ನೊಂದು ವಾರ ಇಟ್ಟಿದ್ದಾರಲ್ಲ, ಲೆಗಿ, ಪಾಹಿಂಗ್, ಪೊನ್, ವಾಗೆ, ಕ್ಲಿವೊನ್, ಅವೆರಡನ್ನೂ ಬೆರಳ ಗಿಣ್ಣಿನ ಮೇಲೆ ಕೂಡಿಸಿ ಕಳೆದು, "ನೀನು ಶುರು ಮಾಡಿದ ದಿನವೇ ಸರಿ ಇರ್ಲಿಲ್ಲ ಕಣೇ, ಮಂಗಳವಾರ ವಾಗೆ ನಿನಗೆ ಆಗಿಬರಲ್ಲ" ಅಂದಳು. ನಾನು ವಿಜ್ಞಾನ ಪಾಠ ಮಾಡುವವಳು. "ಅಮ್ಮ, ಇದು ಕರೆಂಟಿನ ಮೇಲೆ ಓಡುತ್ತೆ, ಪಂಚಾಂಗದ ಮೇಲೆ ಅಲ್ಲ" ಅಂದೆ. "ಓಡ್ತಿಲ್ವಲ್ಲ ಮತ್ತೆ?" ಅಂದಳು. 

ಆಗಸ್ಟ್ ೨೫, ಭಾನುವಾರ

ಮಾಸ್ ಬಗ್ಯೊ ಹಿಂಬದಿಯ ಸ್ಕ್ರೂ ಬಿಚ್ಚಿದ. ಒಳಗೆ ನೋಡಿ ನಕ್ಕ. ಹೆಂಡತಿಯನ್ನು ಕರೆದು ತೋರಿಸಿದ. ಫ್ಯಾನಿನ ಸುತ್ತ ಹೊಗೆಸೊಪ್ಪು ಗಟ್ಟಿಯಾಗಿ ಕೂತಿತ್ತು, ಅಂಟಂಟು, ಕಂದು ಬಣ್ಣ.

"ಒಂದೆಲೆ ಕಾಗದ ಕೊಡಿ ಬು, ಇಲ್ಲೇ ಎರಡು ಸಿಗರೇಟು ಸುತ್ತಿಕೊಡ್ತೀನಿ."

ನಮ್ಮೂರಲ್ಲಿ ಇದು ಕೊಯ್ಲಿನ ಕಾಲ. ಸುಂಬಿಂಗ್ ಬೆಟ್ಟದ ಈ ಮಗ್ಗುಲಲ್ಲಿ ಹೊಗೆಸೊಪ್ಪು ಹೆಚ್ಚದ ಮನೆಯಿಲ್ಲ. ಬೆಳಗ್ಗೆ ಹೆಚ್ಚಿ, ಬಿದಿರ ತಟ್ಟಿಯ ಮೇಲೆ ಹರಡಿ, ಬಿಸಿಲಿಗಿಟ್ಟು, ಸಂಜೆ ಒಳಗೆ ತರಬೇಕು. ಮನೆಯೊಳಗೆ ಹಾರುವ ಆ ಪುಡಿಗೆ ಹೆದರಿ ಎಲ್ಲರ ಮನೆಯಲ್ಲೂ ಟಿವಿಗೆ, ಫ್ರಿಜ್ಜಿಗೆ, ಅಕ್ಕಿ ಡಬ್ಬಕ್ಕೆ ಹೊದಿಕೆ. ಅಮ್ಮ ನನ್ನ ಲ್ಯಾಪ್‌ಟಾಪಿಗೂ ಹೂವಿನ ಅಂಚಿನ ಹೊದಿಕೆ ಹೊಲಿದಿದ್ದಾಳೆ. ಅದನ್ನೂ ಬಗ್ಯೊ ಎತ್ತಿ ಹಿಡಿದು ನೋಡಿದ.

"ಇದಕ್ಕೆ ಸ್ವೆಟರ್ ಹಾಕ್ಸಿದ್ದೀರಾ?"

"ಧೂಳು ಬೀಳ್ಬಾರ್ದು ಅಂತ."

"ಧೂಳು ಬೀಳಲ್ಲ, ಉಸಿರು ಕಟ್ಟಿ ಸಾಯುತ್ತೆ. ಒಳಗಿನ ಬಿಸಿ ಆಚೆ ಹೋಗ್ಬೇಕು ಬು. ಇಂಟರ್ನೆಟ್ ಹಾಕಿದ್ರೆ ಇದಕ್ಕೆ ಕೆಲಸ ಜಾಸ್ತಿ, ಬಿಸಿ ಜಾಸ್ತಿ, ತನ್ನನ್ನ ತಾನು ಕಾಪಾಡ್ಕೊಳ್ಳೋಕೆ ಆಫ್ ಆಗುತ್ತೆ. ಅಷ್ಟೇ ಕಾಯಿಲೆ. ವೈರಸ್ಸೂ ಇಲ್ಲ, ದೆವ್ವವೂ ಇಲ್ಲ."

ಅಷ್ಟೇ ಕಾಯಿಲೆಯಂತೆ! ಐದು ದಿನ ನಾನು ಬರೆದ ನಿಮಿಷಗಳನ್ನು ಅವನು ಓದಲೂ ಇಲ್ಲ. ಬ್ರಷ್ಷಿನಿಂದ ಗುಡಿಸಿ ಕೊಟ್ಟ. ಫ್ಯಾನ್ ಹೋಗಿದೆ, ಹೊಸದು ಸೆಮರಾಂಗ್ ಶಹರದಿಂದ ಬರಬೇಕು, ಒಂದು ವಾರ ಅಂದ. ಅಲ್ಲಿಯವರೆಗೆ ಗಾಳಿ ಬರುವ ಕಡೆ ಇಟ್ಟು ಓಡಿಸಬೇಕಂತೆ.

ಆಗಸ್ಟ್ ೨೮, ಬುಧವಾರ

ಹದಿನಾಲ್ಕು. ಹನ್ನೊಂದು. ಹದಿನಾಲ್ಕು. ಆರು.

ಕಿಟಕಿಯ ಹತ್ತಿರ ಎರಡು ಇಟ್ಟಿಗೆಯ ಮೇಲೆ ಇಟ್ಟಿದ್ದೇನೆ, ಮುಂದೆ ಟೇಬಲ್ ಫ್ಯಾನ್. ನಾನು ಬೆವರುತ್ತಿದ್ದೇನೆ, ಅದಕ್ಕೆ ತಂಗಾಳಿ. ಮೂರನೇ ಪುಟ ಮುಗಿಯಿತು.

ಮುಖ್ಯೋಪಾಧ್ಯಾಯರ ಸೇವಾ ಪತ್ರ ಇನ್ನೂ ಸಿಕ್ಕಿಲ್ಲ. ಐದನೇ ಪುಟಕ್ಕೆ ಅದು ಬೇಕೇ ಬೇಕು. ಅವರು, ಪಾಕ್ ಜಿತೊ ಅಂದರೆ ಜಿತೊ ಸರ್, ಕೊಯ್ಲು ಬಂದರೆ ಶಾಲೆಗೆ ಅಪರೂಪದ ಅತಿಥಿ. ಮನೆಗೆ ಹೋದೆ, ಹೊಲದಲ್ಲಿದ್ದಾರೆ ಅಂದರು. ಹೊಲಕ್ಕೆ ಹೋದೆ, ವ್ಯಾಪಾರಿಯ ಮನೆಗೆ ಹೋದರು ಅಂದರು.

ಆಗಸ್ಟ್ ೩೧, ಶನಿವಾರ

ಏಳು. ಏಳು. ನಾಲ್ಕು.

ಬರೆಯಲು ಏನಿದೆ.

ಸೆಪ್ಟೆಂಬರ್ ೨, ಸೋಮವಾರ

ಬೆಳಗ್ಗೆ ಆರಕ್ಕೇ ಪಾಕ್ ಜಿತೊ ಅವರ ಅಂಗಳದಲ್ಲಿ ನಿಂತೆ. ತಟ್ಟಿಗಳನ್ನು ಹರಡುತ್ತಿದ್ದರು.

"ಪಾಕ್, ಸಹಿ."

"ಏನಮ್ಮಾ ಅವಸರ? ಹತ್ತನೇ ತಾರೀಕಿನವರೆಗೆ ಇದೆಯಲ್ಲ."

"ನನಗೆ ನಾಡಿದ್ದಿಗೆ ಮುಗೀತು ಪಾಕ್. ಆಚೆ ದಿನ ಮೂವತ್ತೈದು."

ಅವರು ಕೈಯಲ್ಲಿದ್ದ ಹೊಗೆಸೊಪ್ಪು ಕೆಳಗಿಟ್ಟರು. "ನಿಂಗೆ ಮೂವತ್ತೈದಾ? ಮೊನ್ನೆ ಮೊನ್ನೆ ಬಂದಂಗಿತ್ತಲ್ಲ." ಹನ್ನೊಂದು ವರ್ಷದ ಮೊನ್ನೆ. ಸಹಿ ಹಾಕಿದರು, ಕಾಗದದ ಮೂಲೆಯಲ್ಲಿ ಕಂದು ಹೆಬ್ಬೆಟ್ಟಿನ ಗುರುತು ಉಳಿಯಿತು. "ನೀನು ಹೋದ್ರೆ ಶಾಲೆಯ ಕಂಪ್ಯೂಟರ್ ಕೆಲಸ ಯಾರು ಮಾಡ್ತಾರೆ?" ಅಂತ ಹಿಂದಿನಿಂದ ಕೇಳಿದರು. ತಿರುಗಿ ನೋಡದೆ ಬಂದೆ. ಕೋಪದಲ್ಲಿ ಕಣ್ಣಲ್ಲಿ ನೀರು ಬಂತು.

ಸಂಜೆ ಬಗ್ಯೊ ಕಳಿಸಿದ ಸುದ್ದಿ: ಫ್ಯಾನ್ ಬಂದಿದೆ.

ಸೆಪ್ಟೆಂಬರ್ ೩, ಮಂಗಳವಾರ

ಓಡುತ್ತಿದೆ! ಓಡುತ್ತಿದೆ, ಓಡುತ್ತಿದೆ, ಓಡುತ್ತಿದೆ.

ಬಗ್ಯೊ ಫ್ಯಾನ್ ಹಾಕಿಕೊಟ್ಟ, ಆದರೆ ಕಿವಿಯಲ್ಲಿ ಹೇಳುವವನಂತೆ ಹೇಳಿದ: "ಒಳಗಿನ ಬೋರ್ಡು ತುಂಬಾ ಸಲ ಕಾದು ಕಾದು ಹಣ್ಣಾಗಿದೆ ಬು. ಎಷ್ಟು ದಿನ ಬರುತ್ತೋ ನಂಗೊತ್ತಿಲ್ಲ. ನಿಮ್ಮ ಕೆಲಸ ಮೊದಲು ಮುಗಿಸ್ಕೊಳ್ಳಿ. ಒಂದ್ಸಲ ಆನ್ ಮಾಡಿದ್ರೆ ಮುಗಿಯೋ ತನಕ ಆಫ್ ಮಾಡ್ಬೇಡಿ, ಮತ್ತೆ ಏಳದೇ ಇರ್ಬಹುದು." ಅರ್ಧ ದಿನ ರಜೆ ಹಾಕಿ ಮನೆಗೆ ಬಂದು ಒಂದೂವರೆಗೆ ಕೂತೆ. ನಾಲ್ಕನೇ ಪುಟ, ಐದನೇ ಪುಟ, ಪಾಕ್ ಜಿತೊ ಅವರ ಪತ್ರ, ಆರನೇ ಪುಟ, ಏಳನೇ ಪುಟ. ಎರಡು ಗಂಟೆಗೂ ಮಿಕ್ಕಿ ಒಂದೇ ಒಂದು ಸಲವೂ ಸಾಯಲಿಲ್ಲ. ಕ್ಯಾಮೆರಾಗೆ ಮುಖ ತೋರಿಸಿದೆ. ಪೌಡರು ಹಾಕಿಕೊಂಡಿದ್ದೆ, ಅಮ್ಮನ ಕೈಯಲ್ಲಿ ತಲೆಯ ಬಟ್ಟೆ ಸರಿ ಮಾಡಿಸಿಕೊಂಡಿದ್ದೆ. ಇನ್ನು ಉಳಿದಿದ್ದು ಕೆಳಗಿನ ನೀಲಿ ಗುಂಡಿ ಒಂದೇ.

ಆಗ ಅಮ್ಮ ನನ್ನ ಮಣಿಕಟ್ಟು ಹಿಡಿದಳು.

"ಇವತ್ತು ಬೇಡ ಕಣೇ."

"ಏನು ಬೇಡ?"

"ಇವತ್ತು ಮಂಗಳವಾರ ಪೊನ್. ನಿಮ್ಮಪ್ಪ ಹೋದ ದಿನ."

ನನಗೆ ಮರೆತೇ ಹೋಗಿತ್ತು. ಅಪ್ಪ ತೀರಿಕೊಂಡಿದ್ದು ಮಂಗಳವಾರ ಪೊನ್. ಮೂವತ್ತೈದು ದಿನಕ್ಕೊಮ್ಮೆ ಆ ಜೋಡಿ ಬರುತ್ತದೆ, ಅವತ್ತು ಅಮ್ಮ ಬೀಜ ಬಿತ್ತುವುದಿಲ್ಲ, ಬಟ್ಟೆ ಕತ್ತರಿಸುವುದಿಲ್ಲ, ಯಾರ ಮನೆಗೂ ಹೆಣ್ಣು ಕೇಳಲು ಹೋಗುವುದಿಲ್ಲ.

"ಅಮ್ಮ, ಗುಂಡಿ ಒತ್ತೋದು ಮದುವೆ ಅಲ್ಲ."

"ಮದುವೆಗಿಂತ ದೊಡ್ಡದು. ಮದುವೆ ಆದ್ರೂ ಆಗ್ದೇ ಇದ್ರೂ ಬದುಕಬಹುದು, ಇದು ನಿನ್ನ ಇಡೀ ಬದುಕು. ನಾನು ನಾಳೆ ಅಂತ ಹೇಳ್ತಾ ಇಲ್ಲ. ಮಗ್ರಿಬ್ ಬಾಂಗ್ ಆದ ಮೇಲೆ ನಮ್ಮ ಲೆಕ್ಕದಲ್ಲಿ ಬುಧವಾರ ಆಯ್ತಲ್ಲ. ಹೊತ್ತು ಮುಳುಗಲಿ. ಎರಡೇ ಎರಡು ತಾಸು. ನಿಮ್ಮಪ್ಪನ ದಿನದಲ್ಲಿ ಶುರು ಮಾಡಿದ್ದು ಯಾವುದೂ ನೆಟ್ಟಗೆ ಉಳಿದಿಲ್ಲ ಮಗಾ. ಈ ಮನೆ ಅಡಿಪಾಯಕ್ಕೂ ನಾನು ಬೇಡ ಅಂದಿದ್ದೆ, ಯಾರೂ ಕೇಳ್ಲಿಲ್ಲ, ಗೋಡೆ ಸೀಳ್ತು. ಎರಡು ತಾಸು ನಿನ್ನ ಅಮ್ಮನಿಗೋಸ್ಕರ ಕಾಯಲ್ವಾ?"

ಜಗಳ ಆಡಿದೆ. ವಿಜ್ಞಾನ ಹೇಳಿದೆ. ಅವಳು ಕೈ ಬಿಡಲಿಲ್ಲ.  ಸರಿ, ಎರಡು ತಾಸಿನಲ್ಲಿ ಏನು ಹೋಗುತ್ತದೆ? ನನಗಿನ್ನೂ ಒಂದಿಡೀ ದಿನ ಇದೆ. ಲ್ಯಾಪ್‌ಟಾಪ್ ಓಡುತ್ತಿದೆ. ಆಫ್ ಮಾಡುವುದಿಲ್ಲ, ಬಗ್ಯೊ ಹೇಳಿದ ಹಾಗೆ ಆನ್ ಇರಲಿ. ಗುಂಡಿ ಎಲ್ಲೂ ಓಡಿಹೋಗುವುದಿಲ್ಲ.

ಈಗ ನಾಲ್ಕೂ ಮುಕ್ಕಾಲು. ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಬಿಸಿ ಬಿಸಿ ಚಹಾ, ಸೋಯಾ ಕಾಳಿನ ಬಿಲ್ಲೆ ಕರಿದ ಟೆಂಪೆ. ಎಷ್ಟು ದಿನದ ಮೇಲೆ ಬಾಯಿಗೆ ರುಚಿ ಹತ್ತಿದೆ. ಒಳಗೆ ಅಮ್ಮ, ಪಕ್ಕದ ಮನೆಯವರು ಒಣಗಿದ ತಟ್ಟಿಗಳನ್ನು ತಂದು ಒಟ್ಟುತ್ತಿದ್ದಾರೆ, ಕೋಣೆಯೆಲ್ಲ ಪುಡಿ, ಕೆಮ್ಮು. ಫ್ಯಾನಿಗೆ ಮತ್ತೆ ಹೊಗೆಸೊಪ್ಪು ಹೋದೀತೆಂದು ಈಗಷ್ಟೇ ಎದ್ದು ಹೋಗಿ ಹೊದಿಕೆ ಹಾಕಿ ಬಂದೆ. ಪರದೆಯಲ್ಲಿ ಗುಂಡಿ ಹಾಗೇ ಇತ್ತು, ನೀಲಿಯಾಗಿ. ಇನ್ನೊಂದು ಗಂಟೆ ಅಷ್ಟೇ. ಸರ್ಕಾರಿ ಟೀಚರ್ ಆದರೆ ಮೊದಲು ಏನು ಮಾಡಲಿ? ಅಮ್ಮನ ಹಲ್ಲು ಕಟ್ಟಿಸಬೇಕು. ಆಮೇಲೆ ಒಂದು ದಿನ ಬೇಕೆಂದೇ ರಜೆ ಹಾಕಬೇಕು.

ಐದೂ ಮುಕ್ಕಾಲು. ಬಾಂಗ್ ಆಯಿತು. ಹೊದಿಕೆ ತೆಗೆದೆ. ಕೈ ಸುಡುವಷ್ಟು ಬಿಸಿ. ಪರದೆ ಕಪ್ಪು.

ಏಳುತ್ತಿಲ್ಲ.

ಸೆಪ್ಟೆಂಬರ್ ೪, ಬುಧವಾರ

ಬೆಳಗಾಗುವ ಮೊದಲೇ ಬಗ್ಯೊನ ಬಾಗಿಲು ಬಡಿದೆ. ಬಿಚ್ಚಿದ, ಮೂಸಿದ. "ಸುಟ್ಟುಹೋಗಿದೆ ಬು. ಇದು ಇನ್ನು ಆಗಲ್ಲ." ಏನು ಮಾಡಿದಿರಿ ಅಂತ ಅವನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ. ಹೊದಿಸಿದ್ದು ನಾನೇ. ಉಸಿರು ಕಟ್ಟುತ್ತೆ ಅಂತ ಅವನು ಹೇಳಿದ್ದನ್ನು ಈ ಪುಸ್ತಕದಲ್ಲಿ ನನ್ನ ಕೈಯಾರೆ ಬರೆದಿಟ್ಟು, ಆಮೇಲೆ ಹೊದಿಸಿದ್ದೂ ನಾನೇ.

ಆರೂವರೆ ಬಸ್ಸಿಗೆ ಪೇಟೆಗೆ ಹೋದೆ. ದೊಡ್ಡ ಮೈದಾನದ ಮೂಲೆಯ ಜೆರಾಕ್ಸ್ ಅಂಗಡಿಯಲ್ಲಿ ಕ್ಯಾಮೆರಾ ಇರುವ ಕಂಪ್ಯೂಟರ್ ಇದೆ. ಒಂದೇ ಒಂದು ಗುಂಡಿ ಒತ್ತಬೇಕು, ಇಡೀ ದಿನ ಇದೆ ಅಂದುಕೊಂಡು ಕೂತೆ. ಸೈಟು ಪಾಸ್‌ವರ್ಡ್ ಕೇಳಿತು.

ನನಗೆ ಗೊತ್ತಿಲ್ಲ. ಲ್ಯಾಪ್‌ಟಾಪಿಗೆ ಗೊತ್ತಿತ್ತು.

ಒಂದು ಹಾಕಿದೆ, ತಪ್ಪು. ಇನ್ನೊಂದು ಹಾಕಿದೆ, ತಪ್ಪು. ಅಂಗಡಿಯವಳು, "ಅಕ್ಕ, ಮೂರನೇದು ಸರಿಯಾಗಿ ಯೋಚನೆ ಮಾಡಿ ಹಾಕಿ, ಆಮೇಲೆ ಬಾಗಿಲು ಹಾಕ್ಬಿಡುತ್ತೆ" ಅಂದಳು. ಹೊಸ ಪಾಸ್‌ವರ್ಡ್ ಕೇಳೋಣ ಅಂದರೆ ಅದು ಇಮೇಲಿಗೆ ಹೋಗುತ್ತದೆ. ಇಮೇಲ್ ತೆರೆಯುವುದೂ ಲ್ಯಾಪ್‌ಟಾಪಿಗೇ ಗೊತ್ತಿತ್ತು. ಇಮೇಲಿನವರು ಫೋನಿಗೆ ಅಂಕಿ ಕಳಿಸುತ್ತೇವೆ ಅಂದರು, ಕಳಿಸಿದ್ದು ನಾನು ಮೂರು ವರ್ಷದ ಹಿಂದೆ ಬಿಟ್ಟ ನಂಬರಿಗೆ. ಆ ನಂಬರಿಗೆ ಫೋನ್ ಮಾಡಿದೆ. ಯಾರೋ ಗಂಡಸು ಎತ್ತಿದ. "ಅಣ್ಣಾ, ನಿಮ್ಮ ಫೋನಿಗೆ ಆರು ಅಂಕಿ ಬಂದಿರುತ್ತೆ, ದಯವಿಟ್ಟು ಹೇಳ್ತೀರಾ?" ಅಂದೆ. "ಮೋಸ ಮಾಡೋಕೆ ಬೇರೆ ಯಾರೂ ಸಿಗ್ಲಿಲ್ವಾ ನಿಂಗೆ?" ಅಂತ ಇಟ್ಟುಬಿಟ್ಟ. ನಾಲ್ಕು ಸಲ ಮಾಡಿದೆ. ಅತ್ತು ಬೇಡಿದೆ. ಐದನೇ ಸಲ ಕರೆ ಹೋಗಲಿಲ್ಲ.

ಹನ್ನೆರಡರವರೆಗೆ ಕೂತು ಯೋಚಿಸಿದೆ. ಈ ಪುಸ್ತಕವನ್ನು ಮೂರು ಸಲ ತಿರುವಿ ಹಾಕಿದೆ. ಒಂಬತ್ತು ನಿಮಿಷ, ಏಳು ನಿಮಿಷ, ಹದಿನಾಲ್ಕು ನಿಮಿಷ, ಅದು ಸತ್ತ ಸಾವೆಲ್ಲ ನಿಮಿಷ ಸಮೇತ ಬರೆದಿದ್ದೇನೆ. ಪಾಸ್‌ವರ್ಡ್ ಬರೆದಿಲ್ಲ. ಅಪ್ಪನ ಹೆಸರು, ನಾನು ಕೆಲಸಕ್ಕೆ ಸೇರಿದ ವರ್ಷ, ಇದೇ ಇರಬೇಕು ಅನ್ನಿಸಿತು. ಹಾಕಿದೆ.

ಇಪ್ಪತ್ತನಾಲ್ಕು ಗಂಟೆಯ ನಂತರ ಪ್ರಯತ್ನಿಸಿ ಅಂತ ಬಂತು.

ಸಂಜೆ ಬಸ್ಸಿಗೆ ವಾಪಸು.

ಸೆಪ್ಟೆಂಬರ್ ೫, ಗುರುವಾರ ಕ್ಲಿವೊನ್

ಅಮ್ಮ ಕೆಂಪು ಬಿಳಿ ಪಾಯಸ ಮಾಡಿದ್ದಳು, ಹುಟ್ಟಿದ ದಿನಕ್ಕೆ. ಅಕ್ಕಪಕ್ಕದ ಮನೆಗೆಲ್ಲ ಬಾಳೆಲೆಯಲ್ಲಿ ಹಾಕಿ ಕೊಟ್ಟು ಬಂದಳು. ಬಂದವಳೇ ನನ್ನ ಮುಂದೆ ಕೂತಳು.

"ಮೊನ್ನೆ ರಾತ್ರಿ ಕೇಳಿದ್ರೆ ಸೈಟಲ್ಲಿ ಜನ ಜಾಸ್ತಿ ಅಂದೆ. ನಿನ್ನೆ ಬಂದವಳೇ ಮಲಗಿಬಿಟ್ಟೆ. ಆಯ್ತಾ?"

ಹೇಳಬೇಕು ಅಂತಲೇ ಬಾಯಿ ತೆರೆದೆ. ಅವಳ ಉಗುರಿನ ಸಂದಿಯಲ್ಲಿ ಹೊಗೆಸೊಪ್ಪಿನ ಕಂದು, ಎಷ್ಟು ತೊಳೆದರೂ ಹೋಗದ್ದು. ಎರಡು ತಾಸು ಅಂತ ಹಿಡಿದುಕೊಂಡಿದ್ದು ಅದೇ ಕೈ.

"ಆಯ್ತಮ್ಮ" ಅಂದೆ. "ಪೇಟೆಯಲ್ಲಿ ಕಳಿಸ್ದೆ. ಬುಧವಾರ ವಾಗೆ."

"ನೋಡಿದ್ಯಾ? ಒಂಚೂರು ಕಾದಿದ್ದಕ್ಕೆ!" ಅಂದಳು. ಮುಖ ಅರಳಿಬಿಟ್ಟಿತು. ಪಾಯಸ ತಿಂದೆ.

ಸೆಪ್ಟೆಂಬರ್ ೧೬, ಸೋಮವಾರ ಲೆಗಿ

ಇನ್ನು ಬರೆಯುವುದಿಲ್ಲ ಅಂದುಕೊಂಡಿದ್ದೆ. ನಿಮಿಷ ಎಣಿಸುವುದಕ್ಕೆ ಯಂತ್ರವೂ ಇಲ್ಲ.

ಅಮ್ಮ ನನಗೋಸ್ಕರ ಸೋಮವಾರ, ಗುರುವಾರ ಉಪವಾಸ ಶುರು ಮಾಡಿದ್ದಾಳೆ. ಬೇಡ ಅಂದರೆ, "ಪರೀಕ್ಷೆ ನೀನು ಬರಿ, ಹಸಿವು ನಾನು ನೋಡ್ಕೋತೀನಿ" ಅಂತಾಳೆ. ಹೆಚ್ಚುವ ಕತ್ತಿ ಹಿಡಿದು ಕೂತವಳು ಮಧ್ಯಾಹ್ನ ಒಮ್ಮೆ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.  ಇವತ್ತೇ ಹೇಳಿಬಿಡಬೇಕು ಅಂತ ಅವಳ ಹತ್ತಿರ ಹೋದೆ. ಅಷ್ಟರಲ್ಲಿ ಪಕ್ಕದ ಮನೆಯವಳು ಬಂದು, "ನಿಮ್ಮ ತಾರಿ ಒಳ್ಳೆ ದಿನ ನೋಡಿ ಅರ್ಜಿ ಹಾಕಿದ್ಲಂತೆ, ನನ್ನ ತಮ್ಮನ ಮಗನಿಗೂ ಒಂದು ದಿನ ನೋಡಿಕೊಡಿ" ಅಂದಳು. ಅಮ್ಮ ಎದ್ದು ಕೂತು ಬೆರಳು ಎಣಿಸಲು ಶುರು ಮಾಡಿದಳು.

ವೆನಿಂಗ್‌ಗೆ ಮಾತ್ರ ಎಲ್ಲ ಹೇಳಿದೆ. ಅವಳು ಸ್ಟಾಫ್ ರೂಮಿನಲ್ಲಿ ನನ್ನ ಮಗ್ಗುಲಲ್ಲಿ ಕೂತು ಅತ್ತಳು. ನಾನೇ ಅವಳಿಗೆ ಸಮಾಧಾನ ಮಾಡಬೇಕಾಯಿತು.

ಅಕ್ಟೋಬರ್ ೮, ಮಂಗಳವಾರ ಪೊನ್

ಮಕ್ಕಳಿಗೆ ಹೊಸ ಪುಸ್ತಕ ಹಂಚಬೇಕಿತ್ತು. ನಾಳೆ ಹಂಚೋಣ ಅಂದುಕೊಂಡೆ. ಯಾಕೋ ಇವತ್ತು ಬೇಡ ಅನ್ನಿಸಿತು.

ಅಕ್ಟೋಬರ್ ೨೦, ಭಾನುವಾರ ಕ್ಲಿವೊನ್

ವೆನಿಂಗ್ ಪರೀಕ್ಷೆ ಮಂಗಳವಾರ, ಮಾಗೆಲಾಂಗಿನಲ್ಲಿ. ನನ್ನದೂ ಅವತ್ತೇ ಅಂತ ಅಮ್ಮನಿಗೆ ಹೇಳಿದ್ದೆ. ಬಸ್ಸು ಹತ್ತಿ ಹೋಗಿ ಎಲ್ಲಾದರೂ ಕೂತು ಸಂಜೆ ಬಂದುಬಿಡುವುದು, ಆಮೇಲೆ ಫೇಲ್ ಆಯಿತು ಅಂದರೆ ಮುಗಿಯಿತು. ಪ್ರಪಂಚದಲ್ಲಿ ಎಷ್ಟೋ ಜನ ಫೇಲ್ ಆಗುತ್ತಾರೆ, ಅದರಲ್ಲಿ ಅಮ್ಮನ ತಪ್ಪೇನೂ ಇರುವುದಿಲ್ಲ.

ಇವತ್ತು ಊಟಕ್ಕೆ ಕೂತಾಗ, "ನಾನೂ ಬರ್ತೀನಿ" ಅಂದಳು.

"ಒಳಗೆ ಬಿಡಲ್ಲಮ್ಮ."

"ಆಚೆ ಕೂತಿರ್ತೀನಿ. ಆಚೆ ಟಿವಿ ಇಟ್ಟಿರ್ತಾರಂತಲ್ಲ, ಒಳಗೆ ಬರೆಯೋರ ಹೆಸರು, ಅಂಕ ಎಲ್ಲ ಆಗಿಂದಾಗ್ಲೇ ಕಾಣುತ್ತಂತೆ. ವೆನಿಂಗ್ ಅಮ್ಮ ಹೇಳಿದ್ಲು. ನಿನ್ನ ಹೆಸರು ನಾನು ನೋಡ್ಬೇಡ್ವಾ?"

ಅನ್ನ ಬಿಟ್ಟು ತಟ್ಟೆ ತೊಳೆಯಲು ಎದ್ದೆ. 

ಅಕ್ಟೋಬರ್ ೨೨, ಮಂಗಳವಾರ ಪಾಹಿಂಗ್

ಅಮ್ಮ ನನ್ನ ಬಿಳಿ ಅಂಗಿ, ಕಪ್ಪು ಲಂಗ ಎರಡು ಸಲ ಇಸ್ತ್ರಿ ಮಾಡಿದ್ದಳು. ಪರೀಕ್ಷೆಗೆ ಹೋಗುವವರೆಲ್ಲ ಅದೇ ಉಡುಪು. ಬಸ್ಸಿನ ತುಂಬ ಬಿಳಿ ಕಪ್ಪು, ಎಲ್ಲರೂ ವೆನಿಂಗ್ ವಯಸ್ಸಿನವರು, ಬಾಯಲ್ಲಿ ಗುಣಾಕಾರ, ಸಂವಿಧಾನ. ಬಸ್ಸಿನಲ್ಲೇ ಹೇಳಬೇಕು ಅಂದುಕೊಂಡೆ. ಅಮ್ಮ ನನ್ನ ತೊಡೆಯ ಮೇಲೆ ಕೈಯಿಟ್ಟು ಏನೋ ಮಣಮಣ ಓದುತ್ತಿದ್ದಳು, ಮಧ್ಯೆ ಬಾಯಿ ಹಾಕುವ ಧೈರ್ಯ ಬರಲಿಲ್ಲ.

ಪರೀಕ್ಷೆಯ ಕಟ್ಟಡದ ಹೊರಗೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಮುಂದೆ ದೊಡ್ಡ ಪರದೆ. ತಂದೆ ತಾಯಂದಿರು ಆಗಲೇ ಜಾಗ ಹಿಡಿದಿದ್ದರು. ಅಮ್ಮ ಮೊದಲ ಸಾಲಿನಲ್ಲೇ ಕೂತಳು. ನಾನು ಅವಳ ಕೈಗೆ ಮುತ್ತಿಟ್ಟೆ. ಅವಳು ಪ್ರಾರ್ಥನೆ ಹೇಳಿ ನನ್ನ ತಲೆಯ ಮೇಲೆ ಊದಿದಳು. ವೆನಿಂಗ್ ಜೊತೆ ಗೇಟಿನವರೆಗೆ ಹೋದೆ, ಜನದ ಮಧ್ಯೆ ಅವಳು ಒಳಗೆ ಹೋದಳು, ನಾನು ಬಲಕ್ಕೆ ತಿರುಗಿ ಕಟ್ಟಡದ ಹಿಂದಿನ ನಮಾಜಿನ ಕೋಣೆಗೆ ಹೋಗಿ ಕೂತೆ. ಪರೀಕ್ಷೆ ನೂರು ನಿಮಿಷ. ಕೂತಲ್ಲಿಂದ ಪರದೆ ಕಾಣುವುದಿಲ್ಲ, ಜನ ಕೂಗುವುದು ಕೇಳುತ್ತದೆ. ಯಾರದೋ ಹೆಸರು ಮೇಲೆ ಬಂದರೆ ಒಂದು ಕಡೆಯಿಂದ ಹೋ ಅಂತ ಸದ್ದು. ಪ್ರತಿ ಸದ್ದಿಗೂ ಅಮ್ಮ ಆ ಪರದೆಯಲ್ಲಿ ಕೆಳಗಿನಿಂದ ಮೇಲಕ್ಕೆ ಹುಡುಕುತ್ತಿರುವುದು ಕಣ್ಣಿಗೆ ಕಟ್ಟಿತು. ಅವಳಿಗೆ ಓದು ಚೆನ್ನಾಗಿ ಬರುತ್ತದೆ. ಟೆಂಪೆ ಸುತ್ತಿದ ಪೇಪರನ್ನೂ ಬಿಡದೆ ಓದುವವಳು. ಕಣ್ಣೂ ಚೆನ್ನಾಗಿದೆ. ನಾನು ಅಲ್ಲಿ ಚಾಪೆಯ ಮೇಲೆ ಮುಖ ಮುಚ್ಚಿಕೊಂಡು ನೂರು ನಿಮಿಷ ಎಣಿಸಿದೆ.

ಗಂಟೆ ಹೊಡೆದ ಮೇಲೆ ಜನದ ಜೊತೆ ಸೇರಿ ಈಚೆ ಬಂದೆ.  ಎಲ್ಲಿಂದ ಶುರು ಮಾಡಲಿ, ನೀಲಿ ಗುಂಡಿಯಿಂದಲೋ, ಹೊದಿಕೆಯಿಂದಲೋ. ಅಮ್ಮ ಅದೇ ಕುರ್ಚಿಯಲ್ಲಿ ಕೂತಿದ್ದಳು, ಚೀಲ ಎದೆಗೆ ಅವುಚಿಕೊಂಡು.

"ಅಮ್ಮ..." ಅಂದೆ.

"ನೋಡ್ದೆ" ಅಂದಳು. "ನಿನ್ನ ಹೆಸರು ನೋಡ್ದೆ. ಮೊದ್ಲು ಕೆಳಗಿತ್ತು. ಆಮೇಲೆ ಮೇಲೆ ಮೇಲೆ ಬಂತು."

ಪಕ್ಕದ ಕುರ್ಚಿಯ ಹೆಂಗಸು ನಮ್ಮ ಕಡೆ ತಿರುಗಿ, "ಇದೇನಜ್ಜಿ, ಇಷ್ಟೊತ್ತೂ ನಾವಿಬ್ರೂ ಸೇರಿ ಹುಡುಕಿದ್ವಲ್ಲ, ಎಲ್ಲೂ..." ಅಂದಳು.

"ನಿಮಗೆ ಕಾಣಿಸ್ಲಿಲ್ಲ" ಅಂದಳು ಅಮ್ಮ. "ನಂಗೆ ಕಾಣಿಸ್ತು."

ನನ್ನ ತೋಳು ಹಿಡಿದು ಎದ್ದಳು. ವೆನಿಂಗ್‌ಗೆ ಒಳ್ಳೆಯ ಅಂಕ ಬಂದಿತ್ತು, ಅವಳು ಅಣ್ಣನ ಮನೆಗೆ ಹೋದಳು. ನಾವಿಬ್ಬರೇ ಬಸ್ಸು ಹತ್ತಿದೆವು. ಊರು ದಾಟಿ ಬಸ್ಸು ಬೆಟ್ಟ ಹತ್ತಿತು. ಆಮೇಲೆ ಅಮ್ಮ ಬಾಳೆಲೆಯ ಪೊಟ್ಟಣ ಬಿಚ್ಚಿ, ಅನ್ನದ ಒಂದು ತುತ್ತು ಕಲಸಿ, ಚಿಕ್ಕ ಮಗುವಿಗೆ ಕೊಡುವಂತೆ ನನ್ನ ಬಾಯಿಯ ಹತ್ತಿರ ಹಿಡಿದಳು. ತಿಂದೆ.

"ಗುರುವಾರದಿಂದ ಉಪವಾಸ ಬಿಡ್ತೀನಿ" ಅಂದಳು.

"ಹೂಂ."

"ಆವತ್ತಿಂದ ನಿನ್ನ ಲ್ಯಾಪ್‌ಟಾಪ್ ಮನೇಲಿ ಕಾಣ್ಲೇ ಇಲ್ಲ. ಎರಡು ತಾಸು ಕಾಯಿ ಅಂದಿದ್ದಕ್ಕೆ ನಂಗೆ ಯಾಕೆ ಬೈಲಿಲ್ಲ ನೀನು?"

ಖಾಲಿ ಬಾಳೆಲೆ ಮಡಿಸಿ ಚೀಲದಲ್ಲಿಟ್ಟೆ. ಆಮೇಲೆ ನಾನೇ ಕೇಳಿದೆ.

"ಎಷ್ಟಿತ್ತಮ್ಮ, ನನ್ನ ಅಂಕ?"

ಅವಳು ಕಿಟಕಿಯ ಕಡೆ ಮುಖ ಮಾಡಿದ್ದಳು.

"ತುಂಬಾ ಇತ್ತು" ಅಂದಳು.